ಆನ್ ಆಗೋಕೂ ಟೈಮ್, ಆಫ್ ಆಗೋಕೂ ಟೈಮ್: ಮನೆ ಕಂಪ್ಯೂಟರಿಗೆ ಏನಾಗಿದೆ?

ಎಂಜಿನಿಯರಿಂಗ್ ಸೇರಿದ ದಿನದಿಂದ ನಮ್ಮೆಲ್ಲರಿಗೂ ಸಂಬಳವಿಲ್ಲದ ಒಂದು ಕೆಲಸ ಸಿಕ್ಕಿರುತ್ತೆ. ಬ್ರಾಂಚ್ ಸಿವಿಲ್ ಇರಲಿ, ಮೆಕ್ಯಾನಿಕಲ್ ಇರಲಿ, ಹಬ್ಬಕ್ಕೆ ಊರಿಗೆ ಹೋದ ಕೂಡಲೇ ಯಾರಾದ್ರೂ ಒಬ್ರು, "ಲೋ, ನಮ್ಮನೆ ಕಂಪ್ಯೂಟರ್ ಆನ್ ಆಗೋಕೆ ಹತ್ತು ನಿಮಿಷ ತಗೊಳ್ತಿದೆ, ಒಂಚೂರು ನೋಡಪ್ಪ" ಅಂತಾರೆ. ನಮ್ಮದು ಸಿವಿಲ್ ಅಂದ್ರೂ ಬಿಡಲ್ಲ. ಕಟ್ಟಿದ ಫೀಸಿನ ಲೆಕ್ಕ ನೆಂಟರಿಗೆಲ್ಲ ಬಾಯಿಪಾಠ.

ನಮ್ಮ ಹಾಸ್ಟೆಲ್ ರೂಮಿನ ಮೂವರು ಕಳೆದ ಎರಡು ರಜೆಗಳಲ್ಲಿ ಇಂಥ ಕೆಲವು ಕಂಪ್ಯೂಟರುಗಳ ಮುಂದೆ ಕೂತಿದ್ದೀವಿ. ಹೆಚ್ಚಿನವು ವಿಂಡೋಸ್ 10, ಒಂದೆರಡು ವಿಂಡೋಸ್ 11. ಎಲ್ಲ ಕಡೆ ಜನ ಹೇಳೋ ಕಾಯಿಲೆಯ ಹೆಸರು ಒಂದೇ, "ಸ್ಲೋ". ಆದರೆ ಸ್ಲೋ ಅನ್ನೋದು ಜ್ವರ ಇದ್ದ ಹಾಗೆ. ಅದು ಕಾಯಿಲೆ ಅಲ್ಲ, ಕಾಯಿಲೆ ಇದೆ ಅನ್ನೋದರ ಗುರುತು. ಅದಕ್ಕೇ ಮೊದಲು ಏನನ್ನೂ ಅನ್‌ಇನ್‌ಸ್ಟಾಲ್ ಮಾಡಬೇಡಿ, ಫಾರ್ಮ್ಯಾಟ್ ಅನ್ನೋ ಪದವನ್ನಂತೂ ಬಾಯಿಗೆ ತರಬೇಡಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೀರಿ.

ಪವರ್ ಬಟನ್ ಒತ್ತಿದಲ್ಲಿಂದ ನೆಮ್ಮದಿಯಾಗಿ ಬ್ರೌಸರ್ ತೆರೆಯೋವರೆಗೆ ಮೂರು ಭಾಗ ಇದೆ. ಮೊದಲನೇದು, ಕಂಪನಿಯ ಲೋಗೋ ಕಾಣಿಸ್ಕೊಂಡು ನಿಂತಿರೋ ಹೊತ್ತು. ಆಗ ವಿಂಡೋಸ್ ಇನ್ನೂ ಎದ್ದೇ ಇಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿರೋ ಬಯಾಸ್ (ಈಗಿನ ಮೆಷಿನ್‌ಗಳಲ್ಲಿ ಯುಇಎಫ್‌ಐ) ರ‍್ಯಾಮ್ ಇದೆಯಾ, ಡಿಸ್ಕ್ ಇದೆಯಾ, ಕೀಬೋರ್ಡ್ ಇದೆಯಾ ಅಂತ ಹಾಜರಿ ತಗೊಳ್ತಿರತ್ತೆ. ಎರಡನೇದು, ಚುಕ್ಕಿಗಳು ಸುತ್ತು ಹೊಡೆಯೋ ಹೊತ್ತು. ಬೂಟ್ ಲೋಡರ್, ಕರ್ನಲ್, ಡ್ರೈವರ್‌ಗಳು, ಸರ್ವಿಸ್‌ಗಳು ಎಲ್ಲ ಇಲ್ಲಿ ಒಂದರ ಹಿಂದೆ ಒಂದು ಏಳ್ತವೆ. ಮೂರನೇದು, ಪಾಸ್‌ವರ್ಡ್ ಹಾಕಿದ ಮೇಲಿನದು. ಡೆಸ್ಕ್‌ಟಾಪ್ ಏನೋ ಬಂದಿರತ್ತೆ, ಆದರೆ ಏನು ಕ್ಲಿಕ್ ಮಾಡಿದ್ರೂ ಗಾಳಿಗೆ ಗುದ್ದಿದ ಹಾಗೆ. ಈ ಮೂರಕ್ಕೂ ಬೇರೆ ಬೇರೆ ಲ್ಯಾಪ್ ಟೈಮ್ ಬರ‍್ಕೊಳ್ಳಿ. ಯಾವುದು ಉದ್ದವೋ ಅಲ್ಲೇ ಹುಡುಕಬೇಕು.

ಮೊದಲ ಭಾಗಕ್ಕೆ ಸ್ಟಾಪ್‌ವಾಚ್ ಕೂಡ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್ ಪುಟಕ್ಕೆ ಹೋದ್ರೆ ಮೇಲೆ ಬಲಗಡೆ "ಲಾಸ್ಟ್ ಬಯಾಸ್ ಟೈಮ್" ಅಂತ ಸೆಕೆಂಡುಗಳಲ್ಲಿ ಬರ‍್ದಿರತ್ತೆ. ಹತ್ತು ಹದಿನೈದು ಸೆಕೆಂಡ್ ಒಳಗಿದ್ರೆ ಬಿಟ್ಹಾಕಿ. ಮೂವತ್ತು ನಲವತ್ತು ಇದ್ದರೆ ವಿಂಡೋಸಿನ ತಪ್ಪಿಲ್ಲ, ಅದನ್ನ ಎಷ್ಟು ಕ್ಲೀನ್ ಮಾಡಿದ್ರೂ ಉಪಯೋಗ ಇಲ್ಲ. ಹಿಂದೆ ಚುಚ್ಚಿರೋ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ಪ್ರಿಂಟರ್ ಎಲ್ಲ ಕಿತ್ತು ಇನ್ನೊಂದು ಸಲ ನೋಡಿ. ಬೂಟ್ ಆರ್ಡರ್‌ನಲ್ಲಿ ನೆಟ್‌ವರ್ಕ್ ಬೂಟ್ ಮೊದಲಿದ್ರೆ ಅದು ಇಲ್ಲದ ಸರ್ವರ್‌ಗಾಗಿ ಕಾಯ್ತಾ ಕೂತಿರತ್ತೆ, ಅದನ್ನ ಕೆಳಗೆ ತಳ್ಳಿ. ಪ್ರತಿ ಸಲ ತಾರೀಖು ಹಳೇದಕ್ಕೆ ಹೋಗ್ತಿದ್ರೆ ಮದರ್‌ಬೋರ್ಡಿನ ಮೇಲಿರೋ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದೆ ಅಂತ ಅರ್ಥ. ಸೆಲ್ ಹೋದ್ರೆ ಬಯಾಸ್ ಸೆಟ್ಟಿಂಗ್‌ಗಳೂ ಮೊದಲಿನ ಹಾಗೆ ಆಗಿಬಿಡಬಹುದು, ನೀವು ಸರಿ ಮಾಡಿದ ಬೂಟ್ ಆರ್ಡರ್ ಕೂಡ ಅದರ ಜೊತೆಗೇ ಹೋಗತ್ತೆ.

ಎರಡನೇ ಭಾಗಕ್ಕೆ ಬರೋ ಮುಂಚೆ ಒಂದು ವಿಷಯ ಬಿಡಿಸಿ ಹೇಳ್ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ದಾರಿ ತಪ್ತಾರೆ. ನೀವು ಶಟ್ ಡೌನ್ ಒತ್ತಿದ್ರೆ ವಿಂಡೋಸ್ ಪೂರ್ತಿ ಶಟ್ ಡೌನ್ ಆಗಲ್ಲ! 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡಿದೆ. ಶಟ್ ಡೌನ್ ಅಂದಾಗ ನಿಮ್ಮ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ, ನಿಮ್ಮನ್ನ ಸೈನ್ ಔಟ್ ಮಾಡಿ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನ ಹಾಗೇ ಡಿಸ್ಕಿನ ಒಂದು ಫೈಲಿಗೆ ಬರೆದು ಮಲಗತ್ತೆ. ಬೆಳಿಗ್ಗೆ ಎದ್ದಾಗ ಎಲ್ಲವನ್ನೂ ಹೊಸದಾಗಿ ಜೋಡಿಸೋ ಬದಲು ಆ ಫೈಲನ್ನೇ ರ‍್ಯಾಮಿಗೆ ಎಳ್ಕೊಳ್ಳತ್ತೆ. ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟ ಹಾಗೆ ಅನ್ನಿ, ಬೆಳಿಗ್ಗೆ ಹುಯ್ಯೋದಷ್ಟೇ ಕೆಲಸ.

ಐಡಿಯಾ ಚೆನ್ನಾಗೇ ಇದೆ. ತೊಂದರೆ ಏನಂದ್ರೆ, ಯಾವುದೋ ಡ್ರೈವರ್ ಕೆಟ್ಟು ಕೂತಿದ್ರೆ ಅದೇ ಕೆಟ್ಟ ಸ್ಥಿತಿ ದಿನಾ ಎದ್ದು ಬರತ್ತೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ಅಪ್ ಟೈಮ್ ನೋಡಿ. ದಿನಾ ರಾತ್ರಿ ಆಫ್ ಮಾಡೋ ಮನೆಯಲ್ಲೂ ಅದು ಹತ್ತು ದಿನ, ಇಪ್ಪತ್ತು ದಿನ ಅಂತ ತೋರಿಸ್ತಿರತ್ತೆ. ನೋಡಿದವರಿಗೆ ತಲೆ ಕೆಡತ್ತೆ, ಆದರೆ ಲೆಕ್ಕ ಸರಿಯಾಗೇ ಇದೆ, ಕರ್ನಲ್ ನಿಜಕ್ಕೂ ಅಷ್ಟು ದಿನದಿಂದ ಸತ್ತು ಹುಟ್ಟಿಲ್ಲ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಮಾಡತ್ತೆ. "ಆಫ್ ಮಾಡಿ ಆನ್ ಮಾಡಿದ್ರೂ ಸರಿಹೋಗ್ಲಿಲ್ಲ, ರೀಸ್ಟಾರ್ಟ್ ಮಾಡಿದ್ರೆ ಸರಿಹೋಯ್ತು" ಅಂತ ಯಾರಾದ್ರೂ ಹೇಳಿದ್ರೆ ನಗಬೇಡಿ, ಅವರು ಹೇಳ್ತಿರೋದು ಸತ್ಯ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಕ್ಲಿಕ್ ಮಾಡಿದ್ರೂ ಆ ಒಂದು ಸಲ ಪೂರ್ತಿ ಆಫ್ ಆಗತ್ತೆ. ಹಾಗಾಗಿ ಎರಡು ಅಳತೆ ತಗೊಳ್ಳಿ, ಸಾಮಾನ್ಯ ಶಟ್ ಡೌನ್ ಆದ ಮೇಲೆ ಒಂದು, ಶಿಫ್ಟ್ ಹಿಡಿದು ಮಾಡಿದ ಮೇಲೆ ಒಂದು. ಪೂರ್ತಿ ಆಫ್ ಆದ ಮೇಲೇ ಬೇಗ ಏಳತ್ತೆ ಅಂದ್ರೆ ಆ ಫೈಲೋ ಡ್ರೈವರೋ ಕೈಕೊಡ್ತಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಅಂತ ಆರಿಸೋ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದು ನಾಲ್ಕು ದಿನ ನೋಡಿ.

ಈಗ ಮುಖ್ಯ ವಿಷಯ, ಡಿಸ್ಕ್. ನಾವು ನೋಡಿದ ಮೆಷಿನ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇಲ್ಲೇ ಮುಗೀತು.

ಹಳೇ ಹಾರ್ಡ್ ಡಿಸ್ಕ್ ಅಂದ್ರೆ ತಿರುಗೋ ತಟ್ಟೆ, ಅದರ ಮೇಲೆ ಓಡಾಡೋ ಒಂದು ತೋಳು. ಡೆಸ್ಕ್‌ಟಾಪ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಅಂದ್ರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಜಾಗ ತೋಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯ್ಬೇಕು, 4.17 ಮಿಲಿಸೆಕೆಂಡ್. ತೋಳು ಸರಿಯಾದ ಟ್ರ್ಯಾಕಿಗೆ ಹೋಗೋಕೆ ಇನ್ನೊಂದು ಎಂಟೊಂಬತ್ತು. ಒಟ್ಟು ಹನ್ನೆರಡು ಹದಿಮೂರು ಮಿಲಿಸೆಕೆಂಡಿಗೆ ಒಂದು ಓದು, ಸೆಕೆಂಡಿಗೆ ಸುಮಾರು ಎಂಬತ್ತು. ಒಂದೊಂದು ಓದಿಗೆ 4 ಕೆಬಿ ಅಂತ ಇಟ್ಕೊಂಡ್ರೆ ಸೆಕೆಂಡಿಗೆ 320 ಕೆಬಿ ಆಯ್ತು! ಇದೇ ಡಿಸ್ಕ್ ಒಂದು ದೊಡ್ಡ ಸಿನಿಮಾ ಫೈಲನ್ನ ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿ ಮೇಲೆ ಕೊಡತ್ತೆ. ಲೈಬ್ರರಿಯಲ್ಲಿ ಒಂದೇ ಕಪಾಟಿನ ಪುಸ್ತಕಗಳನ್ನ ರಾಶಿಯಾಗಿ ತಂದುಕೊಡೋದಕ್ಕೂ, ಒಂದೊಂದು ಪುಸ್ತಕಕ್ಕೆ ಒಂದೊಂದು ಮಹಡಿ ಹತ್ತಿ ಇಳಿಯೋದಕ್ಕೂ ಇರೋ ವ್ಯತ್ಯಾಸ ಇದು. ಬೂಟ್ ಆಗುವಾಗ ಬೇಕಾಗೋದು ಎರಡನೇ ಥರದ್ದೇ. ಸಾವಿರಾರು ಚಿಕ್ಕ ಚಿಕ್ಕ ಫೈಲು, ಎಲ್ಲೆಲ್ಲೋ ಇರ‍್ತವೆ.

ಹತ್ತು ಸಾವಿರ ಚಿಕ್ಕ ಓದು ಅಂತ ಲೆಕ್ಕ ಹಾಕಿ. ಸೆಕೆಂಡಿಗೆ 80ರ ಹಾಗೆ 125 ಸೆಕೆಂಡ್. ತಿರುಗೋ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ 0.1 ಮಿಲಿಸೆಕೆಂಡ್ ಹಿಡಿದ್ರೂ ಒಂದೇ ಸೆಕೆಂಡ್. ವಿಂಡೋಸ್ ಕೂಡ ದಡ್ಡ ಅಲ್ಲ, ಹಿಂದಿನ ಸಲ ಏನೇನು ಬೇಕಾಗಿತ್ತು ಅಂತ ನೆನಪಿಟ್ಕೊಂಡು ಮುಂಚೆನೇ ಸಾಲಾಗಿ ಓದಿಡೋಕೆ ನೋಡತ್ತೆ, ಹಾಗಾಗಿ ನಿಜದಲ್ಲಿ ಅಂತರ ನೂರಿಪ್ಪತ್ತು ಪಟ್ಟು ಕಾಣಲ್ಲ. ಆದ್ರೂ ಯಾವ ದಿಕ್ಕಿಗೆ ಅಂತ ಗೊತ್ತಾಯ್ತಲ್ಲ. ಪ್ರೊಸೆಸರ್ ಚೆನ್ನಾಗಿರೋ ಹಳೇ ಕಂಪ್ಯೂಟರಿಗೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದ್ರೆ, ಹೊಸ ಕಂಪ್ಯೂಟರ್ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಆಗತ್ತೆ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡೋದೂ ಒಳ್ಳೇದೇ. ಆದರೆ ಎರಡರಲ್ಲಿ ಒಂದಕ್ಕೇ ದುಡ್ಡಿದೆ ಅಂದ್ರೆ ನಮ್ಮ ಓಟು ಎಸ್‌ಎಸ್‌ಡಿಗೆ.

ಇನ್ನೊಂದು ಸಾಧ್ಯತೆ ಇದೆ, ಅದು ಸ್ವಲ್ಪ ಭಯದ್ದು. ಡಿಸ್ಕ್ ನಿಧಾನ ಅಲ್ಲ, ಸಾಯ್ತಿದೆ.

ನಮ್ಮಲ್ಲೊಬ್ಬನ ಅತ್ತೆ ಮನೆ ಹಾಸನದಲ್ಲಿ. ಅಲ್ಲಿನ ಡೆಸ್ಕ್‌ಟಾಪ್ ಆನ್ ಆಗೋಕೆ ಹನ್ನೊಂದು ನಿಮಿಷ. ಹತ್ತಿರದ ಒಂದು ಅಂಗಡಿಯವರು "ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ" ಅಂದಿದ್ರಂತೆ. ನಾವು ಹೋದಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ಕೆಂಪಗಿತ್ತು, ಆದರೆ ಓದ್ತಿದ್ದ ವೇಗ ಸೆಕೆಂಡಿಗೆ 1 ಎಂಬಿ ಕೂಡ ಇರಲಿಲ್ಲ. ನೂರಕ್ಕೆ ನೂರು ದುಡಿಯುತ್ತೆ, ಆದರೆ ಏನೂ ಕೊಡಲ್ಲ ಅಂದ್ರೆ ಅನುಮಾನ ಪಡ್ಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದ್ವಿ. ಡಿಸ್ಕ್ ತನ್ನ ಆರೋಗ್ಯವನ್ನ ತಾನೇ ಬರೆದಿಟ್ಕೊಳ್ಳೋ ಸ್ಮಾರ್ಟ್ ಅನ್ನೋ ದಾಖಲೆಯನ್ನ ಅದು ಓದಿ ತೋರಿಸತ್ತೆ. ನೀಲಿ ಬದಲು ಹಳದಿ ಬಣ್ಣದಲ್ಲಿ "ಕಾಶನ್" ಅಂತ ಬಂತು.

ಅಲ್ಲಿ ನೋಡ್ಬೇಕಾದ್ದು ಮೂರೇ ಸಾಲು. 05 ಅಂದ್ರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು. ಸಿ5 ಅಂದ್ರೆ ಓದೋಕೆ ಒದ್ದಾಡ್ತಿರೋ, ಇನ್ನೂ ತೀರ್ಮಾನ ಆಗದ ಸೆಕ್ಟರ್‌ಗಳು. ಸಿ7 ಅಂದ್ರೆ ಡಿಸ್ಕಿನಿಂದ ಬೋರ್ಡಿಗೆ ಬರೋ ದಾರೀಲಿ ಕೆಟ್ಟ ಡೇಟಾ. ಸಿ7 ಮಾತ್ರ ಏರ್ತಿದ್ರೆ ಖುಷಿ ಪಡಿ, ಹೆಚ್ಚಾಗಿ ಸಾಟಾ ಕೇಬಲ್ ಬದಲಿಸಿದ್ರೆ ಮುಗೀತು. (ಈ ಸಂಖ್ಯೆಗಳು ಹೆಕ್ಸಾಡೆಸಿಮಲ್‌ನಲ್ಲಿ ಇರ‍್ತವೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನ ಮೊದಲ ಮಾಡ್ಯೂಲ್ ಕೊನೆಗೂ ಒಂದು ಕಡೆ ಕೆಲಸಕ್ಕೆ ಬಂತು.) ಇಲ್ಲಿ ಏರಿದ್ದು ಸಿ5. ಓದೋಕಾಗದ ಜಾಗ ಸಿಕ್ಕಾಗ ಡಿಸ್ಕ್ ಬಿಟ್ಟು ಮುಂದೆ ಹೋಗಲ್ಲ, ಮತ್ತೆ ಮತ್ತೆ ಪ್ರಯತ್ನ ಮಾಡತ್ತೆ. ಒಂದೊಂದು ಕೆಟ್ಟ ಜಾಗದಲ್ಲೂ ಹಲವು ಸೆಕೆಂಡ್ ಹೋಗ್ತವೆ, ಅಷ್ಟು ಹೊತ್ತೂ ಇಡೀ ವಿಂಡೋಸ್ ಬಾಯಿ ಮುಚ್ಕೊಂಡು ಕಾಯತ್ತೆ. ಹನ್ನೊಂದು ನಿಮಿಷದ ಗುಟ್ಟು ಅದು.

ಅತ್ತೆಗೆ ಕಂಪ್ಯೂಟರಿನ ಚಿಂತೆ ಇರಲಿಲ್ಲ. "ತಾತನ ಫೋಟೋ ಎಲ್ಲ ಇದರಲ್ಲೇ ಇದೆ ಕಣೋ, ಬೇರೆ ಎಲ್ಲೂ ಇಲ್ಲ" ಅಂದ್ರು. ತಾತ ತೀರಿಕೊಂಡು ಆಗ ಒಂದು ವರ್ಷ. ಆ ಡಿಸ್ಕನ್ನ ಫಾರ್ಮ್ಯಾಟ್ ಮಾಡಿದ್ದಿದ್ರೆ ಕಾಯಿಲೆ ಹಾಗೇ ಇರ‍್ತಿತ್ತು, ಫೋಟೋ ಮಾತ್ರ ಹೋಗ್ತಿತ್ತು. ಹಾಗಾಗಿ ಬೇರೆ ಯಾವ ರಿಪೇರಿಯನ್ನೂ ಮುಟ್ಟದೆ ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿ ಮೊದಲು ಫೋಟೋ ಫೋಲ್ಡರ್, ಆಮೇಲೆ ದಾಖಲೆಗಳು, ಕೊನೆಗೆ ಸಿನಿಮಾ ಅಂತ ಕಾಪಿ ಮಾಡಿದ್ವಿ. ಇಡೀ ರಾತ್ರಿ ಹಿಡೀತು. ಒಂದು ಮದುವೆಯ ಹದಿನೇಳು ಫೋಟೋ ಏನು ಮಾಡಿದ್ರೂ ಬರಲಿಲ್ಲ, ಉಳಿದದ್ದು ಬಂತು. ಸಾಯ್ತಿರೋ ಡಿಸ್ಕಿನ ಮೇಲೆ ಡಿಫ್ರ್ಯಾಗ್ ಓಡಿಸೋದು, ಚೆಕ್ ಡಿಸ್ಕ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸೋದು ಎಲ್ಲ ಕಾಪಿ ಆದ ಮೇಲಿನ ಮಾತು. ಅದಕ್ಕೆ ಉಳಿದಿರೋ ಉಸಿರನ್ನ ಫೋಟೋ ತೆಗೆಯೋಕೇ ಖರ್ಚು ಮಾಡ್ಬೇಕು. ಮನೆ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ, ಒಂದೆರಡು ವಾರದಲ್ಲೇ ನಿಧಾನ ಆಗಿದ್ರೆ ಮೊದಲು ನೋಡ್ಬೇಕಾದ್ದು ಇದನ್ನೇ. ವರ್ಷಗಟ್ಟಲೆ ಮೆಲ್ಲಗೆ ನಿಧಾನ ಆಗಿದ್ರೆ ಅಷ್ಟು ಗಾಬರಿ ಬೇಡ.

ಮೂರನೇ ಭಾಗ, ಪಾಸ್‌ವರ್ಡ್ ಆದ ಮೇಲಿನದು, ಎಲ್ಲರಿಗೂ ಗೊತ್ತಿರೋದೇ. ಸ್ಟಾರ್ಟಪ್ ಪಟ್ಟಿಯಲ್ಲಿ ತಾನಾಗಿ ಎದ್ದು ಕೂರೋ ಪ್ರೋಗ್ರಾಂಗಳು. ಪಕ್ಕದಲ್ಲಿ ಹೈ, ಮೀಡಿಯಂ, ಲೋ ಅಂತ ಬರ‍್ದಿರತ್ತೆ. ಸ್ಟಾರ್ಟಪ್‌ನಲ್ಲಿ 1 ಸೆಕೆಂಡಿಗಿಂತ ಹೆಚ್ಚು ಸಿಪಿಯು ಸಮಯ ಅಥವಾ 3 ಎಂಬಿಗಿಂತ ಹೆಚ್ಚು ಡಿಸ್ಕ್ ಓದು-ಬರಹ ಮಾಡಿದ್ರೆ ಹೈ. ಗೇಮ್ ಲಾಂಚರ್, ಮೀಟಿಂಗ್ ಆ್ಯಪ್, ಪ್ರಿಂಟರ್ ಜೊತೆ ಬಂದ ಸಹಾಯಕ, ಇವನ್ನೆಲ್ಲ ಡಿಸೇಬಲ್ ಮಾಡಿ. ಡಿಲೀಟ್ ಆಗಲ್ಲ, ಕರೆದಾಗ ಬರ‍್ತವೆ ಅಷ್ಟೇ. ಟಚ್‌ಪ್ಯಾಡ್, ಆಡಿಯೋ, ಆಂಟಿವೈರಸ್ ಮುಟ್ಟಬೇಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನ ತೆಗೀರಿ, ಒಂದೊಂದು ಫೈಲನ್ನೂ ಇಬ್ಬಿಬ್ಬರು ತಪಾಸಣೆ ಮಾಡ್ತಾ ಕೂತ್ರೆ ಗೇಟ್ ತೆರೆಯೋದು ಯಾವಾಗ? ನಮ್ಮಂಥವರ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಬಗೆ ಇದೆ. ಮೂರನೇ ಸೆಮ್ ಲ್ಯಾಬಿಗೆ ಹಾಕಿದ ಡೇಟಾಬೇಸ್ ಸರ್ವರ್ ಐದನೇ ಸೆಮ್‌ನಲ್ಲೂ ದಿನಾ ಬೆಳಿಗ್ಗೆ ಎದ್ದು ಡ್ಯೂಟಿಗೆ ಹಾಜರಾಗಿರತ್ತೆ. ಸ್ಟಾರ್ಟಪ್ ಪಟ್ಟಿಯಲ್ಲಿ ಕಾಣಲ್ಲ, ಯಾಕಂದ್ರೆ ಅದು ಸರ್ವಿಸ್. ಸರ್ವಿಸಸ್ ಪಟ್ಟಿ ತೆಗೆದು ಅದನ್ನ ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲಾಂದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಊಹೆ ಸಾಕು, ಸಾಕ್ಷಿ ಬೇಕು ಅನ್ನೋರಿಗೆ ಇವೆಂಟ್ ವ್ಯೂವರ್ ಇದೆ. ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನೋಸ್ಟಿಕ್ಸ್ ಪರ್ಫಾರ್ಮೆನ್ಸ್, ಆಪರೇಷನಲ್, ಹೀಗೆ ಇಳಿದು ಹೋಗಿ. 100 ಅನ್ನೋ ನಂಬರಿನ ಇವೆಂಟ್‌ನಲ್ಲಿ ಬೂಟ್ ಎಷ್ಟು ಹೊತ್ತಾಯ್ತು ಅಂತ ಮಿಲಿಸೆಕೆಂಡಿನಲ್ಲಿ ಇರತ್ತೆ. ವಿವರದ ಪುಟದಲ್ಲಿ ಡೆಸ್ಕ್‌ಟಾಪ್ ಬರೋವರೆಗಿನದು ಬೇರೆ, ಆಮೇಲೆ ಎಲ್ಲ ತಣ್ಣಗಾಗೋವರೆಗಿನದು ಬೇರೆ. 101 ಇದ್ದರೆ ತಡ ಮಾಡಿದ ಪ್ರೋಗ್ರಾಂ ಹೆಸರು, 102 ಡ್ರೈವರ್, 103 ಸರ್ವಿಸ್. ನಾವು ಸ್ಟಾಪ್‌ವಾಚ್ ಹಿಡಿದು ಕೂರೋ ಮುಂಚಿನಿಂದಲೇ ವಿಂಡೋಸ್ ಇದನ್ನೆಲ್ಲ ಬರೆದಿಡ್ತಾ ಇದೆ. ಹಳೇ ತಿಂಗಳ 100ನ್ನೂ ಈ ತಿಂಗಳಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ತೊಂದರೆ ಯಾವ ವಾರ ಶುರುವಾಯ್ತು ಅಂತಾನೇ ಸಿಗತ್ತೆ, ಆ ವಾರ ಏನು ಇನ್‌ಸ್ಟಾಲ್ ಮಾಡಿದ್ವಿ ಅಂತ ನೆನಪು ಮಾಡ್ಕೊಂಡ್ರೆ ಸಾಕು.

ಆಫ್ ಆಗೋ ತೊಂದರೆಗೂ ಇದೇ ಲಾಗ್. 200 ಒಟ್ಟು ಸಮಯ, 201 ತಡ ಮಾಡಿದ ಪ್ರೋಗ್ರಾಂ, 203 ತಡ ಮಾಡಿದ ಸರ್ವಿಸ್. ಶಟ್ ಡೌನ್ ಅಂದ್ರೆ ಕರೆಂಟ್ ತೆಗೆಯೋದಲ್ಲ, ಎಲ್ಲರಿಗೂ ಮನೆಗೆ ಹೊರಡಿ ಅಂತ ಹೇಳಿ, ಹೊರಟ್ರಾ ಅಂತ ನೋಡೋದು. ಸೇವ್ ಮಾಡದ ಫೈಲ್ ಇಟ್ಕೊಂಡಿರೋ ಪ್ರೋಗ್ರಾಂ ಹೊರಡಲ್ಲ. ಸರ್ವಿಸ್‌ಗಳಿಗೆ ವಿಂಡೋಸ್ 8ರಿಂದ ಈಚೆಗೆ 5000 ಮಿಲಿಸೆಕೆಂಡ್, ಅಂದ್ರೆ ಐದು ಸೆಕೆಂಡ್ ಗಡುವು, ಆಮೇಲೆ ಎಳೆದು ಹಾಕತ್ತೆ. ರಿಜಿಸ್ಟ್ರಿಯಲ್ಲಿ ಈ ಗಡುವನ್ನ ಇನ್ನೂ ಕಮ್ಮಿ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಡೇಟಾಬೇಸ್ ಬರೀತಿರೋವಾಗಲೇ ಕತ್ತು ಹಿಸುಕಿದ್ರೆ ಮಾರನೇ ದಿನ ಅದು ಏಳೋದೇ ಕಷ್ಟ.

ರಿಜಿಸ್ಟ್ರಿಯ ಮಾತು ಬಂತು. ಕ್ಲಿಯರ್ ಪೇಜ್‌ಫೈಲ್ ಅಟ್ ಶಟ್‌ಡೌನ್ ಅಂತ ಒಂದು ಸೆಟ್ಟಿಂಗ್ ಇದೆ. ಮಾಮೂಲಾಗಿ ಸೊನ್ನೆ. ಯಾವುದೋ "ಪಿಸಿ ಸ್ಪೀಡ್ ಮಾಡುವ ಟ್ರಿಕ್" ನೋಡಿ ಅದನ್ನ 1 ಮಾಡಿರ‍್ತಾರೆ. ಆಗ ಪ್ರತಿ ಸಲ ಆಫ್ ಮಾಡುವಾಗಲೂ ಪೇಜ್ ಫೈಲಿನ ತುಂಬ ಸೊನ್ನೆ ಬರೀಬೇಕು. ಆ ಫೈಲ್ 4 ಜಿಬಿ ಇದ್ದು ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆದ್ರೆ ನಲವತ್ತು ಸೆಕೆಂಡ್ ಅಲ್ಲೇ ಹೋಯ್ತು. ಅದು ಗುಟ್ಟು ಕಾಪಾಡೋಕೆ ಇರೋ ಸೆಟ್ಟಿಂಗ್, ವೇಗಕ್ಕಲ್ಲ. ಇದೇ ಜಾತಿಯ ಇನ್ನೊಂದು ಟ್ರಿಕ್ ಎಂಎಸ್ ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚು ಮಾಡೋದು. ವಿಂಡೋಸ್ ಹೇಗಿದ್ರೂ ಎಲ್ಲ ಕೋರ್ ಬಳಸತ್ತೆ, ಆ ಡಬ್ಬಿ ಇರೋದು ಪರೀಕ್ಷೆಗೋಸ್ಕರ ಕಮ್ಮಿ ಮಾಡೋಕೆ. ರಿಜಿಸ್ಟ್ರಿ ಕ್ಲೀನರ್‌ಗಳ ಬಗ್ಗೆ ಬರೆಯೋಕೆ ಹೋದ್ರೆ ಬೈಗುಳ ಬರತ್ತೆ, ಬಿಡಿ.

ಆಫ್ ಆಗೋದು ತಡ ಆದ್ರೆ ನಮ್ಮ ಮನೆಗಳಲ್ಲಿ ಏನು ಮಾಡ್ತಾರೆ? ಅಪ್ಪ ಗೋಡೆ ಸ್ವಿಚ್ ಆಫ್ ಮಾಡಿ ಮಲಗ್ತಾರೆ. ಇದು ಬಿಡಿಸಬೇಕಾದ ಅಭ್ಯಾಸ. ಪರದೆ ಕಪ್ಪಾದ್ರೂ ಡಿಸ್ಕ್ ಲೈಟ್ ಮಿನುಗ್ತಿದ್ರೆ ಒಳಗೆ ಇನ್ನೂ ಬರವಣಿಗೆ ನಡೀತಿದೆ, ಫಾಸ್ಟ್ ಸ್ಟಾರ್ಟಪ್‌ನ ಆ ಫೈಲ್ ಇರಬಹುದು, ಅಪ್‌ಡೇಟ್ ಇರಬಹುದು. ನಡುವೆ ಕರೆಂಟ್ ಕಿತ್ತರೆ ಮರುದಿನ ವಿಂಡೋಸ್ ಪೂರ್ತಿ ಬೂಟ್ ಮಾಡ್ಬೇಕಾಗತ್ತೆ, ಡಿಸ್ಕ್ ಪರೀಕ್ಷೆಗೂ ಇಳೀಬಹುದು. ಅಂದ್ರೆ ರಾತ್ರಿ ಉಳಿಸಿದ ಒಂದು ನಿಮಿಷಕ್ಕೆ ಬೆಳಿಗ್ಗೆ ಹತ್ತು ನಿಮಿಷ ಬಡ್ಡಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಮಲೆನಾಡಿನ ಕಡೆಯವರಿಗೆ ಇದೇ ಕಾರಣಕ್ಕೆ ಒಂದು ಸಣ್ಣ ಯುಪಿಎಸ್ ಬೇಕೇ ಬೇಕು.

ಉಬುಂಟು ಹಾಕ್ಕೊಂಡಿರೋ ನಮ್ಮ ಕ್ಲಾಸಿನವರಿಗೆ ಎರಡು ಮಾತು. ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಅನ್ನೋ ಕಮಾಂಡ್ ಒಟ್ಟು ಸಮಯ ಹೇಳತ್ತೆ, ಅದರ ಮುಂದೆ ಬ್ಲೇಮ್ ಅಂತ ಸೇರಿಸಿದ್ರೆ ಯಾರ‍್ಯಾರು ಎಷ್ಟೆಷ್ಟು ತಡ ಮಾಡಿದ್ರು ಅಂತ ಪಟ್ಟಿ ಕೊಡತ್ತೆ. ಇಷ್ಟು ಪ್ರಾಮಾಣಿಕ ಹೆಸರಿನ ಕಮಾಂಡ್ ನಾವು ಬೇರೆ ನೋಡಿಲ್ಲ. ಆನ್ ಆಗುವಾಗಲೋ ಆಫ್ ಆಗುವಾಗಲೋ ಸರಿಯಾಗಿ ಒಂದೂವರೆ ನಿಮಿಷ ನಿಂತ್ರೆ ಅದು ಕಾಕತಾಳೀಯ ಅಲ್ಲ, ಸಿಸ್ಟಮ್‌ಡಿಯ ಮಾಮೂಲಿ ಗಡುವು 90 ಸೆಕೆಂಡ್. ಆಫ್ ಆಗುವಾಗ ಯಾವ ಸರ್ವಿಸ್‌ಗೆ ಕಾಯ್ತಿದೆ ಅಂತ ಪರದೆ ಮೇಲೇ ಬರತ್ತೆ, ಹೆಸರು ಬರ‍್ಕೊಳ್ಳಿ. ಆನ್ ಆಗುವಾಗ ಆದ್ರೆ ಎಫ್‌ಎಸ್‌ಟ್ಯಾಬ್ ಫೈಲ್ ನೋಡಿ, ಯಾವತ್ತೋ ತೆಗೆದು ಬಿಸಾಕಿದ ಪಾರ್ಟಿಷನ್ ಹೆಸರು ಅಲ್ಲಿ ಉಳ್ಕೊಂಡಿರತ್ತೆ. ಇನ್ನು ಡ್ಯುಯಲ್ ಬೂಟ್ ಇದ್ದು, ಉಬುಂಟುವಿನಲ್ಲಿ ವಿಂಡೋಸ್ ಡ್ರೈವ್ ತೆರೆದ್ರೆ ಓದೋಕೆ ಮಾತ್ರ ಬಿಟ್ಟು ಬರೆಯೋಕೆ ಬಿಡಲ್ಲ ಅಂತ ತಲೆ ಚಚ್ಕೊಳ್ತಿರೋರಿಗೆ, ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ಪೇ ಅಲ್ಲೂ ಕಾರಣ. ವಿಂಡೋಸ್ ಇನ್ನೂ ಮಲಗಿದೆ, ಸತ್ತಿಲ್ಲ. ಮಲಗಿರೋರ ಮನೆಯ ಸಾಮಾನು ಅಲ್ಲಾಡಿಸಬಾರದು ಅಂತ ಲಿನಕ್ಸ್ ಸುಮ್ಮನಿದೆ. ವಿಂಡೋಸಿಗೆ ಹೋಗಿ ಆ ಟಿಕ್ ತೆಗೆದು ಒಮ್ಮೆ ಪೂರ್ತಿ ಆಫ್ ಮಾಡಿ ಬನ್ನಿ, ಬರೆಯೋಕೆ ಬಿಡತ್ತೆ.